ಪಹಣಿಯ ಚುಕ್ಕಿ ದಶಮಾಂಶವಲ್ಲ

ಮಾನ್ಯ ಸಂಪಾದಕರೇ,

ನಮ್ಮ ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳಲ್ಲಿ ಚುಕ್ಕಿ ಇಟ್ಟು ಬರೆಯುವುದರಿಂದ, 1.20 ಎಂದಿರುವ ಕಡೆ ಅದು ಒಂದು ಎಕರೆ 20 ಗುಂಟೆ, ಅಂದರೆ ಒಂದೂವರೆ ಎಕರೆ ಎಂಬುದು ಹಳಬರಿಗೆ ಗೊತ್ತು. ಆದರೆ ಅದನ್ನೇ ದಶಮಾಂಶವೆಂದು ತಿಳಿದು ಮೊಬೈಲಿನಲ್ಲಿ ಲೆಕ್ಕ ಹಾಕುವ ಯುವಕರಿಗೆ ಸಿಗುವುದು ಒಂದು ಎಕರೆ 8 ಗುಂಟೆ ಮಾತ್ರ. ಗುಂಟೆಗೆ 1,089 ಚದರ ಅಡಿಯಂತೆ, ಹೀಗೆ ತಪ್ಪಿಹೋಗುವ 12 ಗುಂಟೆ ಎಂದರೆ 13,068 ಚದರ ಅಡಿ! ಪಾಲುಪಟ್ಟಿ, ಕ್ರಯದ ಮಾತುಕತೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ಕರಾವಳಿಯಲ್ಲಿ ಸೆಂಟ್ಸ್ ಲೆಕ್ಕ ರೂಢಿಯಲ್ಲಿದ್ದು, ಒಂದು ಗುಂಟೆಗೆ ಎರಡೂವರೆ ಸೆಂಟ್ಸ್ ಆಗುತ್ತದೆ. ಬೆಳೆ ಪರಿಹಾರವಂತೂ ಹೆಕ್ಟೇರ್ ಲೆಕ್ಕದಲ್ಲಿ ಬರುತ್ತದೆ. ಎರಡು ಹೆಕ್ಟೇರ್ ಮಿತಿ ಎಂದರೆ ಐದು ಎಕರೆ ಎಂದು ಎಷ್ಟೋ ರೈತರು ನಂಬಿದ್ದಾರೆ. ವಾಸ್ತವದಲ್ಲಿ ಅದು 4 ಎಕರೆ 37 ಗುಂಟೆಗಿಂತ ತುಸು ಹೆಚ್ಚು, ಅಷ್ಟೇ.

ಆದ್ದರಿಂದ ಕಂದಾಯ ಇಲಾಖೆಯು ಪಹಣಿಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೇ ಎಕರೆ, ಗುಂಟೆ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಮುದ್ರಿಸಿ, ಕೆಳಗೆ ಒಟ್ಟು ವಿಸ್ತೀರ್ಣವನ್ನು ಹೆಕ್ಟೇರ್‌ನಲ್ಲೂ ನೀಡಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

– ಒಬ್ಬ ಕೃಷಿಕ