ಮೇಯರ್ ಅವರೇ, ಆಕೆಯ ಹೆಸರಿನಲ್ಲಿ ನಮ್ಮ ಊರಿದೆ

ಹುಬ್ಬಳ್ಳಿ-ಧಾರವಾಡದ ಮೇಯರ್ ಅವರಿಗೆ,

ನಮಸ್ಕಾರ್ರಿ. ನಳದ ನೀರು, ರಸ್ತೆ ಗುಂಡಿ ಅಂತ ನಿಮಗೆ ದಿನಾ ಪತ್ರ ಬರುತ್ತಿರಬಹುದು. ಇದು ಸಿನಿಮಾದ ಪತ್ರ, ನಮ್ಮ ಕಡೆಯ ಹಳೇ ನಟಿ ಶಾಂತಾ ಹುಬ್ಳೀಕರ್ ಬಗ್ಗೆ. ಸಿಟ್ಟಾಗಬೇಡಿ.

ಹುಬ್ಬಳ್ಳಿ ಪಕ್ಕದ ಅದರಗುಂಚಿ ನಿಮಗೆ ಗೊತ್ತು. ಏಕೀಕರಣಕ್ಕಾಗಿ ಉಪವಾಸ ಕೂತ ಶಂಕರಗೌಡರ ಊರು. ಅದೇ ಊರಲ್ಲಿ 1914ರಲ್ಲಿ ರಾಜಮ್ಮ ಅನ್ನೋ ಹುಡುಗಿ ಹುಟ್ಟಿದಳು. ನಾಟಕ ಕಂಪನಿ ಸೇರಿ, ಅಲ್ಲಿಂದ ಮರಾಠಿ ಸಿನಿಮಾಕ್ಕೆ ಹೋಗಿ, ಶಾಂತಾ ಹುಬ್ಳೀಕರ್ ಆದಳು. ಹುಬ್ಳಿಯ ಹೆಸರನ್ನು ಸರ್ಕಾರ 2014ರಲ್ಲಿ ಹುಬ್ಬಳ್ಳಿ ಅಂತ ತಿದ್ದಿತು. ಆಕೆಯ ಹೆಸರಲ್ಲಿ ಮಾತ್ರ ಹಳೇ ಹುಬ್ಳಿಯೇ ಉಳಿದಿದೆ ನೋಡಿ!

1939ರಲ್ಲಿ ಪುಣೆಯ ಪ್ರಭಾತ್ ಕಂಪನಿಗೆ ವಿ. ಶಾಂತಾರಾಮ್ 'ಮಾಣೂಸ್' ತೆಗೆದರು. ಹಿಂದಿಯಲ್ಲಿ ಅದೇ 'ಆದ್ಮಿ'. ಇದರಲ್ಲಿ ಶಾಂತಾ, ಮೈನಾ ಎಂಬ ವೇಶ್ಯೆ. ಶಾಹೂ ಮೋಡಕ್ ಪೊಲೀಸ್ ಪೇದೆ. ಅವನು ಅವಳನ್ನು ಪ್ರೀತಿಸುತ್ತಾನೆ, ಮನೆಗೆ ಕರೆದೊಯ್ದು ತಾಯಿಯ ಮುಂದೆ ನಿಲ್ಲಿಸುತ್ತಾನೆ. ದೇವರ ಮುಂದೆ ಕೂತ ಆ ತಾಯಿಯ ಎದುರು ಮೈನಾಗೆ ತನ್ನದೇ ಭಯ. ಆ ಕಾಲದಲ್ಲಿ ಇಂಥ ಪಾತ್ರ ಒಪ್ಪಿಕೊಳ್ಳೋದು ಸುಮ್ನೆ ಮಾತಲ್ಲ. ಆಗ ಪ್ಲೇಬ್ಯಾಕ್ ಅಷ್ಟಾಗಿ ಬಂದಿರಲಿಲ್ಲ, ಆಕೆಯ ಹಾಡು ಆಕೆಯದೇ ದನಿ. ಮಾಸ್ಟರ್ ಕೃಷ್ಣರಾವ್ ಸಂಗೀತದ 'ಕಶಾಲಾ ಉದ್ಯಾಚೀ ಬಾತ್' ಇವತ್ತಿಗೂ ಮರಾಠಿ ಮಂದಿಯ ಬಾಯಲ್ಲಿದೆ. ನಾಳೆಯ ಮಾತು ಯಾಕೆ ಅಂತ ಕೇಳುವ ಹಾಡು. ಒಂದೇ ಹಾಡಿನಲ್ಲಿ ಹಲವು ಭಾಷೆ ಬರುತ್ತವೆ, ಎಲ್ಲವನ್ನೂ ಆಕೆ ಸಲೀಸಾಗಿ ದಾಟುತ್ತಾರೆ. ನನಗೆ ಕೇಳಿದಾಗೆಲ್ಲ ಅನಿಸೋದು, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಉರ್ದು ಕೇಳಿ ಬೆಳೆದ ನಮ್ಮ ಕಡೆಯ ನಾಲಿಗೆಗೆ ಇದೆಲ್ಲ ಏನು ಮಹಾ, ಅಲ್ವಾ?

1942ರಲ್ಲಿ ಕನ್ನಡಕ್ಕೂ ಬಂದರು, ಗುಬ್ಬಿ ವೀರಣ್ಣನವರ 'ಜೀವನ ನಾಟಕ'ದಲ್ಲಿ. ಆಮೇಲೆ ಮಂದಿ ನಿಧಾನವಾಗಿ ಮರೆತರು. ವಯಸ್ಸಾದ ಮೇಲೆ ವೃದ್ಧಾಶ್ರಮದಲ್ಲೂ ಇದ್ದರು. ಆತ್ಮಕತೆಗೆ ಅದೇ ಹಾಡಿನ ಹೆಸರಿಟ್ಟು, 1992ರಲ್ಲಿ ತೀರಿಕೊಂಡರು.

ಪುತ್ಥಳಿ ಕೇಳುತ್ತಿಲ್ಲ ನಾನು. ಪುತ್ಥಳಿಯ ಮೇಲೆ ಕಾಗೆ ಕೂರುತ್ತದೆ, ಅಷ್ಟೇ. ವರ್ಷಕ್ಕೊಂದು ಸಂಜೆ ಸವಾಯಿ ಗಂಧರ್ವ ಹಾಲ್‌ನಲ್ಲಿ 'ಮಾಣೂಸ್' ತೋರಿಸಿ. ಗಂಗೂಬಾಯಿ ಹಾನಗಲ್ಲರನ್ನು ನೆನೆಯುವ ಊರಿಗೆ ಇದು ಹೆಚ್ಚಿನ ಕೆಲಸವೇನಲ್ಲ. ಪ್ರಿಂಟ್‌ಗಾಗಿ ಪುಣೆಯ ಫಿಲ್ಮ್ ಆರ್ಕೈವ್‌ಗೆ ಪಾಲಿಕೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಹೋದರೆ ನನ್ನಂಥವನು ಬರೆದದ್ದಕ್ಕಿಂತ ಜಾಸ್ತಿ ತೂಕ ಇರುತ್ತದೆ. ಅದರಗುಂಚಿಯ ಮಂದಿಗೆ ಅವತ್ತು ಎರಡು ಬಸ್ ಬಿಡಿಸಿ. ಮರಾಠಿ ಬಲ್ಲ ಕಾಲೇಜು ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಕನ್ನಡ ಸಬ್‌ಟೈಟಲ್ ಅವರ ಹತ್ರ ಬರೆಸೋದು ನನ್ನ ಜವಾಬ್ದಾರಿ.

ತಾರೀಖು ನೀವು ಹೇಳಿ.

ಇಂತಿ,
ಹುಬ್ಬಳ್ಳಿಯ ಒಬ್ಬ ಸಿನಿಮಾ ಹುಚ್ಚ