ಮಗಳ ಮಾತು ಮುಗಿಯುವವರೆಗೂ ಕಾದವರಿಗೆ

ಹೋದ ವಾರ ನನ್ನ ಮಗಳು ಹತ್ತನೇ ತರಗತಿ ಪಾಸಾದಳು. ಪರೀಕ್ಷೆ-1ರಲ್ಲಿ ಗಣಿತ ಒಂದು ಉಳಿದಿತ್ತು. ಪರೀಕ್ಷೆ-2ರಲ್ಲಿ ಅದೂ ಆಯಿತು. ಒಟ್ಟು 625ಕ್ಕೆ 341. ಫೋನ್ ಮಾಡಿ ಕೇಳಿದವರಿಗೆಲ್ಲ ಖುಷಿಯಿಂದ ಹೇಳಿದ್ದೇನೆ. ಆದರೆ ಫೋನಿನಲ್ಲಿ ಥ್ಯಾಂಕ್ಸ್ ಅಂದರೆ ತೀರುವ ಋಣ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ಕೊಪ್ಪಳದ ಹತ್ತಿರದ ಕಿನ್ನಾಳ. ಗೊಂಬೆಗಳ ಊರು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಮಗಳಿಗೆ ಈಗ 17. ಆಕೆಗೆ ಸೆರೆಬ್ರಲ್ ಪಾಲ್ಸಿ ಇದೆ. ಬೆಳೆಯುವ ಮೆದುಳಿಗೆ ಹುಟ್ಟುವ ಆಸುಪಾಸಿನಲ್ಲಿ ಪೆಟ್ಟಾದರೆ ಹೀಗಾಗುತ್ತದೆ. ಆ ಪೆಟ್ಟು ಆಮೇಲೆ ದೊಡ್ಡದಾಗುವುದಿಲ್ಲ. ಆದರೆ ಕೈಕಾಲು ದಿನಾ ಎಳೆದು ಸಡಿಲ ಮಾಡದಿದ್ದರೆ ಬಿಗಿಯುತ್ತಾ ಹೋಗುತ್ತವೆ. ಆಕೆ ನಡೆಯುವುದಿಲ್ಲ. ಬಲಗೈ ಸ್ವಲ್ಪ ಹೇಳಿದಂತೆ ಕೇಳುತ್ತದೆ, ಎಡಗೈ ಕೇಳುವುದಿಲ್ಲ. ನಾಲಿಗೆ, ತುಟಿಯಲ್ಲೂ ಅದೇ ಬಿಗಿ. ಹಾಗಾಗಿ ಒಂದು ವಾಕ್ಯ ಹೇಳಿ ಮುಗಿಸಲು ಕೆಲವೊಮ್ಮೆ ಒಂದು ನಿಮಿಷ ಬೇಕು. ಬುದ್ಧಿಗೆ ಯಾವ ಕೊರತೆಯೂ ಇಲ್ಲ. ಅದು ಗೊತ್ತಾಗಬೇಕಾದರೆ ಆ ಒಂದು ನಿಮಿಷ ಕಾಯಬೇಕು. ಜಾಸ್ತಿ ಜನ ಕಾಯುವುದಿಲ್ಲ. ಕಾದ ಕೆಲವರಿಗೆ ಈ ಬರಹ.

ಆಕೆಗೆ 6 ತುಂಬಿದಾಗ ಒಂದು ಶಾಲೆಗೆ ಕರೆದುಕೊಂಡು ಹೋಗಿದ್ದೆವು. ಯಾವ ಶಾಲೆ ಅನ್ನುವುದು ಈಗ ಬೇಡ. "ನಿನ್ನ ಹೆಸರೇನವಾ?" ಅಂದರು. ಆಕೆ ಬಾಯಿ ತೆರೆಯುವಷ್ಟರಲ್ಲಿ ಎರಡನೇ ಪ್ರಶ್ನೆ. ಅದಕ್ಕೆ ಆಕೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನನ್ನ ಕಡೆ ತಿರುಗಿ, "ಇಂಥಾ ಮಕ್ಕಳಿಗೆ ಬ್ಯಾರೆ ಸಾಲಿ ಅದಾವಲ್ರಿ" ಅಂದರು. ಮನೆಗೆ ಬಂದ ಮೇಲೆ ಆಕೆ ತನ್ನ ಹೆಸರು ಹೇಳಿ ಮುಗಿಸಿದಳು. ಕೇಳಿದ್ದು ನಾವು ಇಬ್ಬರೇ.

ಮೊದಲ ಥ್ಯಾಂಕ್ಸ್ ನಮ್ಮ ಬಿಐಇಆರ್‌ಟಿ ಮೇಡಂಗೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ಇಂಥ ಶಿಕ್ಷಕರು ಇರುತ್ತಾರೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಅಂಗನವಾಡಿ ಅಕ್ಕ ಹೇಳಿ ಕಳಿಸಿದ್ದರು. ಮೇಡಂ ಬಂದವರು ನೆಲದ ಮೇಲೆ ಮಗಳ ಎದುರಿಗೆ ಕೂತರು. ಹೆಸರು ಕೇಳಿದರು. ನಾನು ರೂಢಿಯಂತೆ ಉತ್ತರ ಕೊಡಲು ಹೋದೆ. ಅವರು ನನ್ನ ಕೈ ಹಿಡಿದು, "ನೀವು ಹೇಳಬ್ಯಾಡ್ರಿ ಅಕ್ಕಾ, ಆಕಿ ಹೇಳ್ಲಿ" ಅಂದರು. ಆಕೆ ಹೇಳಿದಳು. ಪೂರ್ತಿ. ಅಲ್ಲಿಯವರೆಗೆ ಮಗಳ ಮಾತಿಗೆ ಅಡ್ಡ ಬರುತ್ತಿದ್ದವರಲ್ಲಿ ನಾನೂ ಒಬ್ಬಳು ಅಂತ ಅವತ್ತು ತಿಳಿಯಿತು. ಮೇಡಂ, ಆ ದಿನ ನೀವು ಪಾಠ ಮಾಡಿದ್ದು ನನಗೆ.

ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿದೆ, ತೀವ್ರ ಅಂಗವೈಕಲ್ಯ ಇರುವ ಮಗುವಿಗೆ ಮನೆಯಲ್ಲೇ ಕಲಿಯುವ ಹಕ್ಕೂ ಇದೆ ಅಂತ ಅವರೇ ಹೇಳಿದರು. ಗೃಹಾಧಾರಿತ ಶಿಕ್ಷಣ ಅನ್ನುತ್ತಾರೆ. ಊರಿನ ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಮಗಳ ಹೆಸರು ಬಂತು. ಮೇಡಂ ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ನಾನು. ನಾನು ಓದಿದ್ದು ಪಿಯುಸಿ. ಏಳನೇ ತರಗತಿ ಗಣಿತ ಬಂದಾಗ ರಾತ್ರಿ ನಾನು ಮೊದಲು ಕಲಿತು, ಬೆಳಿಗ್ಗೆ ಆಕೆಗೆ ಹೇಳಿಕೊಡುತ್ತಿದ್ದೆ.

ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ಸರ್, ನಿಮಗೂ ಶರಣು. ದಿನಾ ಕೊಪ್ಪಳಕ್ಕೆ ಬರುವುದು ನಮಗೆ ಆಗದ ಮಾತು ಅಂತ ನೋಡಿ, ಕಾಲು ಎಳೆಯುವುದು, ಬೆರಳು ಬಿಡಿಸುವುದು ಎಲ್ಲ ನನಗೇ ಕಲಿಸಿದಿರಿ. ಚಳಿಗಾಲದ ಬೆಳಗ್ಗೆ ಬಿಗಿ ಜಾಸ್ತಿ. ಮೊದಲು ಬಿಸಿನೀರಿನ ಬಟ್ಟೆ, ಆಮೇಲೆ ವ್ಯಾಯಾಮ, ಆಮೇಲೇ ಪುಸ್ತಕ. ಆ ಕ್ರಮ ಇವತ್ತಿಗೂ ತಪ್ಪಿಲ್ಲ.

ಮೊದಲೆರಡು ವರ್ಷ ಗೋಡೆಯ ಮೂಲೆಯೇ ನಮ್ಮ ತರಗತಿ. ಎರಡೂ ಕಡೆ ದಿಂಬು ಇಟ್ಟು ಕೂರಿಸುತ್ತಿದ್ದೆ. ಆಮೇಲೆ ಬಿಆರ್‌ಸಿಯ ತಪಾಸಣಾ ಶಿಬಿರದಲ್ಲಿ ಅಳತೆ ತೆಗೆದುಕೊಂಡು, ಕಾನ್ಪುರದ ಸರ್ಕಾರಿ ಕಂಪನಿ ಅಲಿಮ್ಕೋದಲ್ಲಿ ಮಾಡಿದ ಸಿಪಿ ಚೇರ್, ಅಂದರೆ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕುರ್ಚಿ, ಕೊಟ್ಟರು. ಬೆಲ್ಟು ಇದೆ, ಮುಂದೆ ಹಲಗೆ ಇದೆ. ಅದರ ಮೇಲೆ ಜೋಳದ ರೊಟ್ಟಿ ಇಟ್ಟು ಮುರಿದೇ ಭಿನ್ನರಾಶಿ ಕಲಿತಳು. ಅರ್ಧ, ಕಾಲು, ಎಂಟರಲ್ಲಿ ಒಂದು. ಕಲಿತ ಪಾಠವನ್ನು ಸಂಜೆ ತಿನ್ನುತ್ತಿದ್ದೆವು.

ಬರೆಯುವುದೇ ದೊಡ್ಡ ಕಷ್ಟ. ಪೆನ್ಸಿಲ್ ಬೆರಳಲ್ಲಿ ನಿಲ್ಲುತ್ತಿರಲಿಲ್ಲ. ಬಟ್ಟೆ ಸುತ್ತಿದೆ, ಸ್ಪಂಜು ಸುತ್ತಿದೆ, ಆಗಲಿಲ್ಲ. ನಮ್ಮ ಓಣಿಯ ಗೊಂಬೆ ಮಾಡುವ ಅಜ್ಜ ಒಂದು ದಿನ ಸುಮ್ನೆ ನೋಡುತ್ತಾ ಕೂತಿದ್ದರು. "ಯವ್ವಾ, ಕೈ ಕೊಡಿಲ್ಲೆ" ಅಂದರು. ಗೊಂಬೆ ಕೆಲಸದ ಹುಣಸೆ ಬೀಜದ ಅಂಟಿಗೆ ಮರದ ಪುಡಿ ಕಲಸಿ ಉಂಡೆ ಮಾಡಿ, ಆಕೆಯ ಮುಷ್ಟಿಯೊಳಗೆ ಇಟ್ಟರು. ಬೆರಳು ತಾನಾಗಿ ಎಲ್ಲಿ ಒತ್ತುತ್ತದೋ ಅಲ್ಲಿ ಗುರುತು ಬಿತ್ತು. ಅದನ್ನು ಒಣಗಿಸಿ, ಉಜ್ಜಿ ನುಣುಪು ಮಾಡಿ, ನಡುವೆ ಪೆನ್ಸಿಲ್‌ಗೆ ತೂತು ಕೊರೆದರು. ಕೆಂಪು ಬಣ್ಣ ಹಚ್ಚಿ, ಒಂದು ಗಿಳಿಯನ್ನೂ ಬರೆದರು. ಕೈ ದೊಡ್ಡದಾದಂತೆ ಮೂರು ಸಲ ಹೊಸದು ಮಾಡಿಕೊಟ್ಟರು. ಒಂದು ಪೈಸೆ ಮುಟ್ಟಲಿಲ್ಲ. ಮೂರನೆಯದು ಮಾಡಿದ ವರ್ಷವೇ ತೀರಿಕೊಂಡರು. ಪರೀಕ್ಷೆಯ ಉತ್ತರಗಳನ್ನು ಲಿಪಿಕಾರರು ಬರೆದರು, ನಿಜ. ಆದರೆ ಹಾಜರಿ ಹಾಳೆಯಲ್ಲಿ ದಿನಾ ಬಿದ್ದದ್ದು ಮಗಳದೇ ಸಹಿ. ಹೆಬ್ಬೆಟ್ಟು ಒತ್ತಲಿಲ್ಲ. ಅಜ್ಜಾ, ಆ ಸಹಿಗಳಲ್ಲಿ ನಿಮ್ಮ ಕೈಯೂ ಇದೆ.

ಇವರಪ್ಪನಿಗೆ ಗಿಣಿಗೇರಿ ಕಡೆಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಮೊದಲು ಮಗಳನ್ನು ಎತ್ತಿ ಕುರ್ಚಿಗೆ ಕೂರಿಸುತ್ತಾರೆ. ಇತಿಹಾಸದಲ್ಲಿ ಅಶೋಕನ ಪಾಠ ಬಂದ ವರ್ಷ, ಆಕೆಯನ್ನು ಬೆನ್ನಿಗೆ ಹೊತ್ತು ಗವಿಮಠದ ಗುಡ್ಡ ಹತ್ತಿದರು. ಅಲ್ಲಿ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಎರಡು ಸಾವಿರ ವರ್ಷಕ್ಕೂ ಹಳೆಯದು. ಅದನ್ನು ಬರೆದ ಬ್ರಾಹ್ಮಿ ಅಕ್ಷರ ಓದುವುದನ್ನೇ ಜನ ಮರೆತಿದ್ದರು, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬಾತ ಮತ್ತೆ ಓದಿದ ಅಂತ ನಾನು ಹೇಳಿದೆ. ಆಕೆ ಬಹಳ ಹೊತ್ತು ಬಂಡೆ ನೋಡಿದಳು. ಆಮೇಲೆ, "ಕಲ್ಲು... ಅಷ್ಟು ದಿನ... ಕಾಯ್ತಾ?" ಅಂದಳು. ಇವರಪ್ಪ ಮುಖ ಆಚೆ ತಿರುಗಿಸಿದರು. ಆಕೆಗೆ ಇತಿಹಾಸದ ಹುಚ್ಚು ಹತ್ತಿದ್ದು ಅವತ್ತೇ.

2020ರಲ್ಲಿ ಶಾಲೆಗಳೆಲ್ಲ ಮುಚ್ಚಿದಾಗ ಊರಿನ ಮಕ್ಕಳೂ ಮನೆಯಲ್ಲೇ ಉಳಿದರು. ಚಂದನದಲ್ಲಿ 'ಸಂವೇದ' ಪಾಠ ಶುರುವಾದ ಮೇಲೆ ಓಣಿಯ ಐದಾರು ಹುಡುಗಿಯರು ನಮ್ಮ ಟಿವಿ ಮುಂದೆ ಬಂದು ಕೂರುತ್ತಿದ್ದರು. ಆ ಕಷ್ಟದ ಕಾಲದಲ್ಲೇ ಮಗಳಿಗೆ ಮೊದಲ ಸಲ ಗೆಳತಿಯರು ಸಿಕ್ಕರು. ಶಾಲೆ ತೆರೆದ ಮೇಲೂ ಅವರಲ್ಲಿ ಇಬ್ಬರು ಬರುವುದು ಬಿಡಲಿಲ್ಲ. ಆ ಇಬ್ಬರ ತಾಯಂದಿರಿಗೂ ನಮಸ್ಕಾರ.

ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಅಂಗವಿಕಲರಿಗೆ ನೆರವಾಗುವ ಪುನರ್ವಸತಿ ಕಾರ್ಯಕರ್ತ ಅಣ್ಣನನ್ನು ಮರೆಯಲಾರೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನ, ಸರ್ಟಿಫಿಕೇಟು ಎಲ್ಲಕ್ಕೂ ಜೊತೆಗೆ ಬಂದರು. ಮಗಳಿಗೆ 14 ದಾಟಿದಾಗ, "ಇನ್ನು ಓದು ಸಾಕು" ಅಂತ ಬಂಧುಗಳಲ್ಲಿ ಮಾತು ಬಂತು. ಈ ಅಣ್ಣ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರತಿ ತಂದು, ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇದ್ದರೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಇದೆ ಅನ್ನುವ ಸಾಲನ್ನು ಎಲ್ಲರ ಮುಂದೆ ಓದಿದರು. ಮತ್ತೆ ಆ ಮಾತು ಬರಲಿಲ್ಲ.

ಈಗ ಗಣಿತದ ಕಥೆ. ಲಿಪಿಕಾರರು ಇದ್ದರೆ ಸುಲಭ ಅಂತ ಜನ ತಿಳಿಯುತ್ತಾರೆ. ಹಾಗಲ್ಲ. ಆಕೆ ಹೇಳಿದ್ದನ್ನು ಮಾತ್ರ ಬರೆಯಬೇಕು. ಸಮಾಜ ವಿಜ್ಞಾನದಲ್ಲಿ ಒಂದು ಪದ ಅಸ್ಪಷ್ಟವಾದರೆ ಮುಂದಿನ ಪದದಿಂದ ತಿಳಿಯುತ್ತದೆ. ಗಣಿತದಲ್ಲಿ ಪ್ರತಿ ಅಂಕಿ, ಪ್ರತಿ ಮೈನಸ್, ಪ್ರತಿ ಆವರಣ ಬಾಯಿಂದಲೇ ಬರಬೇಕು. ಆಕೆ ಹೇಳುವಾಗ ಆರು, ಏಳು, ನೂರು ಮೂರೂ ಹತ್ತಿರ ಹತ್ತಿರ ಕೇಳುತ್ತವೆ. ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಹೆಚ್ಚಿಗೆ ಸಮಯ ಸಿಕ್ಕಿತು. ಆದರೂ ಮೊದಲ ಸಲ ಅರ್ಧ ಪೇಪರ್ ಹಾಗೇ ಉಳಿಯಿತು. ಫಲಿತಾಂಶದ ದಿನ ಆಕೆ ಊಟ ಮಾಡಲಿಲ್ಲ.

ಲಿಪಿಕಾರಳಾಗಿ ಬಂದ 9ನೇ ತರಗತಿಯ ಹುಡುಗಿ ಮಾರನೇ ದಿನ ನಮ್ಮ ಮನೆಗೆ ಬಂದಳು. ತಾನೇ ತಪ್ಪು ಮಾಡಿದವಳಂತೆ ಅಳುತ್ತಿದ್ದಳು. ಪರೀಕ್ಷೆಗೆ 2 ದಿನ ಮೊದಲು ಲಿಪಿಕಾರರನ್ನು ಭೇಟಿ ಮಾಡಬಹುದು ಅಂತ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿತ್ತು. ಈ ಹುಡುಗಿ ತನ್ನ ಬೇಸಿಗೆ ರಜೆಯಲ್ಲಿ ದಿನಾ ಬಂದಳು. ಆ ಬಿಸಿಲಲ್ಲಿ, ನಡೆದುಕೊಂಡು. ಪ್ರತಿ ಅಂಕಿ ಬರೆಯುವ ಮೊದಲು "ಆರಾ? ಏಳಾ?" ಅಂತ ಕೇಳುವುದು, ಮಗಳು ಕಣ್ಣು ಮುಚ್ಚಿ ತೆರೆದರೆ ಹೌದು. ಇಬ್ಬರೂ ಸೇರಿ ಮಾಡಿಕೊಂಡ ಉಪಾಯ. ಮುಖ್ಯ ಗುರುಗಳು ಪರೀಕ್ಷಾ ಕೇಂದ್ರಕ್ಕೆ ಮೊದಲೇ ಪತ್ರ ಬರೆದು ಇದನ್ನು ತಿಳಿಸಿದರು. ಎರಡನೇ ಸಲ ಪೂರ್ತಿ ಪೇಪರ್ ಮುಗಿಯಿತು. ತಂಗೀ, ಹದಿನಾಲ್ಕು ವರ್ಷದ ನಿನಗೆ ಇರುವ ತಾಳ್ಮೆ ದೊಡ್ಡವರಲ್ಲೂ ನಾನು ಕಡಿಮೆ ಕಂಡಿದ್ದೇನೆ.

ಮುಂದೆ ಪಿಯುಸಿ, ಕಲಾ ವಿಭಾಗ. ಇತಿಹಾಸ ಬೇಕೇ ಬೇಕಂತೆ.

ಇಷ್ಟು ಬರೆದು ಮಗಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ ಏನೋ ಹೇಳಲು ಹೊರಟಳು. ನಾನು ಕಾದೆ. "ತಮ್ಮ... ಎಲ್ಲಿ?"

ಹೌದು, ಅವನನ್ನೇ ಬಿಟ್ಟಿದ್ದೆ. ಆಕೆಗಿಂತ ನಾಲ್ಕು ವರ್ಷ ಚಿಕ್ಕವನು. ತನಗೆ ಸರಿಯಾಗಿ ಮಾತು ಬಂದಾಗಿನಿಂದ ಅಕ್ಕನ ಮಾತನ್ನು ಊರಿಗೆಲ್ಲ ತಿಳಿಸಿದವನು. ಆಕೆ ಓದುವಾಗ ಪಕ್ಕದಲ್ಲಿ ಕೂತು ಹಾಳೆ ತಿರುವಿದವನು. ಹೊರಗೆ ಗೆಳೆಯರು ಕೂಗಿದರೂ ಆ ಪುಟ ಮುಗಿಯುವವರೆಗೆ ಏಳುತ್ತಿರಲಿಲ್ಲ. ನಾವು ಯಾರೂ ಅವನಿಗೆ ಹಾಗೆ ಮಾಡು ಅಂತ ಹೇಳಿರಲಿಲ್ಲ.

ಅಪ್ಪೀ, ಮೊದಲು ಬರೆಯಬೇಕಾಗಿದ್ದನ್ನು ಕೊನೆಗೆ ಬರೆಯುತ್ತಿದ್ದೇನೆ. ನಿನ್ನ ಅಕ್ಕನೇ ಹೇಳಿ ಬರೆಸಿದ್ದು ಇದು.