ಬಿಲ್ಡ್ ಕೆಟ್ಟರೂ ‘ಯಶಸ್ವಿ’ ಎನ್ನುವ ನಿಮ್ಮ ಪ್ಲಗಿನ್ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಫೋನ್ ಮಾಡಿ ಆಯಿತು, ಟಿಕೆಟ್ ಹಾಕಿ ಆಯಿತು. ಟಿಕೆಟನ್ನು ನೀವೇ ಮುಚ್ಚಿ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಕೇಳಿದ್ದೂ ಆಯಿತು. ಅದಕ್ಕೇ ಈ ಪತ್ರ. ನಮ್ಮ ಕೋಡನ್ನೆಲ್ಲ ಸೇರಿಸಿ ವೆಬ್‌ಸೈಟಿಗೆ ಬೇಕಾದ ಫೈಲ್ ತಯಾರಿಸುವುದು (ಅದೇ ಬಿಲ್ಡ್) ವೆಬ್‌ಪ್ಯಾಕ್. ಬಿಲ್ಡ್ ಆಯಿತೋ ಕೆಟ್ಟಿತೋ ಎಂದು ತಂಡಕ್ಕೆ ಸಂದೇಶ ಕಳಿಸಲೆಂದು ಅದಕ್ಕೆ ನಿಮ್ಮ ಪ್ಲಗಿನ್ ಹಾಕಿಕೊಂಡೆವು.

ವೆಬ್‌ಪ್ಯಾಕ್‌ನ ‘ಡನ್’ ಹುಕ್ (ಬಿಲ್ಡ್ ಮುಗಿದಾಗ ಪ್ಲಗಿನ್‌ಗೆ ಹೋಗುವ ಕರೆ) ಕೋಡಿನಲ್ಲಿ ಎರರ್ ಇದ್ದರೂ ಓಡುತ್ತದೆ. ‘ಫೇಲ್ಡ್’ ಹುಕ್ ಬರುವುದು ಕಂಪೈಲೇಷನ್ನೇ ನಡುವೆ ನಿಂತುಹೋದಾಗ ಮಾತ್ರ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಬಿಲ್ಡ್‌ನ ವರದಿಯಾದ ಸ್ಟ್ಯಾಟ್ಸ್‌ನಲ್ಲಿ ‘ಹ್ಯಾಸ್‌ಎರರ್ಸ್’ (ಎರರ್ ಇದೆಯೇ) ಎಂದು ಕೇಳಿ ನೋಡುವುದು ಒಂದು ಸಾಲಿನ ಕೆಲಸ. ನಿಮ್ಮ ಪ್ಲಗಿನ್ ಕೇಳುವುದಿಲ್ಲ. ಡನ್ ಬಂತೋ, ಇಡೀ ತಂಡಕ್ಕೆ ಹಸಿರು ಟಿಕ್ ಕಳಿಸಿಬಿಡುತ್ತದೆ, ಅದೂ ಕ್ಷಣಾರ್ಧದಲ್ಲಿ. ಪ್ರೊಡಕ್ಷನ್ ಮೋಡ್‌ನಲ್ಲಿ (ಬಳಕೆದಾರರಿಗೆ ಬಿಡುವ ಬಿಲ್ಡ್) ಎರರ್ ಇದ್ದರೆ ವೆಬ್‌ಪ್ಯಾಕ್ ಹೊಸ ಫೈಲ್ ಬರೆಯುವುದೇ ಇಲ್ಲ. ಪಾಪ, ನಮ್ಮ ಟೆಸ್ಟರ್ ಹಳೇ ಬಂಡಲ್ (ಹಿಂದಿನ ಬಿಲ್ಡ್‌ನ ಫೈಲ್) ತೆರೆದುಕೊಂಡು ಮಧ್ಯಾಹ್ನವಿಡೀ ಹೊಸ ಫಾರ್ಮ್ ಹುಡುಕಿದರು.

ಇಷ್ಟನ್ನೇ ನಾನು ಫೋನಿನಲ್ಲಿ ಹೇಳಿದೆ. ಸ್ಪೀಕರ್ ಆನ್ ಇತ್ತು, ತಂಡದವರೆಲ್ಲ ಸುತ್ತ ನಿಂತಿದ್ದರು.

“ಮೇಡಂ, ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿದ್ರಾ?”

ಪ್ಲಗಿನ್ ಬ್ರೌಸರಿನಲ್ಲಿ ಓಡುವುದಿಲ್ಲ, ನೋಡ್‌ನಲ್ಲಿ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಫ್ಟ್‌ವೇರ್) ಓಡುತ್ತದೆ ಎಂದೆ.

“ಸರಿ ಮೇಡಂ. ನೋಟಿಫಿಕೇಷನ್ ಬರ್ತಾ ಇದೆ ಅಲ್ವಾ? ಮತ್ತೇನು ಪ್ರಾಬ್ಲಂ?”

ಬರುತ್ತಿದೆ, ಸುಳ್ಳು ಬರುತ್ತಿದೆ ಎಂದೆ. ಸ್ವಲ್ಪ ಹೊತ್ತು ಹೋಲ್ಡ್ ಸಂಗೀತ. ಆಮೇಲೆ, “ಮೇಡಂ, ಅಲ್ಲಿ ಟೆಕ್ನಿಕಲ್ ಗೊತ್ತಿರೋ ಸರ್ ಯಾರಾದ್ರೂ ಇದ್ರೆ ಫೋನ್ ಕೊಡಿ.”

ಆ ಬಿಲ್ಡ್ ಕಾನ್ಫಿಗ್ ಬರೆದವಳು ನಾನು. ಸುಮ್ನೆ ಜಗಳ ಬೇಡವೆಂದು ಪಕ್ಕದಲ್ಲಿದ್ದ ಇಂಟರ್ನ್ ಹುಡುಗನಿಗೆ ಫೋನ್ ಕೊಟ್ಟೆ. ಅವನು ನನ್ನ ಮಾತನ್ನೇ, ನನ್ನ ಮುಖ ನೋಡಿಕೊಂಡೇ, ತಡವರಿಸುತ್ತ ಒಪ್ಪಿಸಿದ. “ಓ, ಈಗ ಕ್ಲಿಯರ್ ಆಯ್ತು ಸರ್! ನೋಟ್ ಮಾಡ್ಕೊಂಡಿದೀನಿ ಸರ್!” ಹುಡುಗನಿಗೆ ಇನ್ನೂ ಮೊದಲ ಸ್ಟೈಪೆಂಡ್ ಬಂದಿಲ್ಲ. ನಿಮ್ಮ ಕೃಪೆಯಿಂದ ಸರ್ ಆದ.

ನೋಟ್ ಮಾಡಿಕೊಂಡಿದ್ದರ ಫಲ: “ಪ್ಲಗಿನ್ ಸರಿಯಾಗಿದೆ” ಎಂದು ಬರೆದು ಟಿಕೆಟ್ ಬಂದ್.

ಇನ್ನು ಬಿಲ್. ವಾಚ್ ಮೋಡ್‌ನ (ಫೈಲ್ ಸೇವ್ ಆದಾಗಲೆಲ್ಲ ತಾನೇ ಬಿಲ್ಡ್ ಮಾಡುವ ಮೋಡ್) ಸಂದೇಶಗಳು ತಿಂಗಳ ಲೆಕ್ಕಕ್ಕೆ ಸೇರುವುದಿಲ್ಲ ಎಂದು ನಿಮ್ಮದೇ ಬೆಲೆಪಟ್ಟಿಯಲ್ಲಿದೆ. ಆದರೂ ನಾವು ಫೈಲ್ ಸೇವ್ ಮಾಡಿದಾಗಲೆಲ್ಲ ಒಂದೊಂದು ಸಂದೇಶ ಎಣಿಸಿದ್ದೀರಿ. ಎರರ್ ಎಣಿಸಲು ಬಾರದ ಸಾಫ್ಟ್‌ವೇರ್‌ಗೆ ಇದು ಮಾತ್ರ ಚೆನ್ನಾಗಿ ಬರುತ್ತದೆ. ಸಿಐನಲ್ಲಂತೂ (ಸರ್ವರ್‌ನಲ್ಲಿ ತಾನಾಗಿ ನಡೆಯುವ ಬಿಲ್ಡ್) ಕೆಲವು ಸಂದೇಶ ಹೊರಡುವುದೇ ಇಲ್ಲ. ಪ್ಲಗಿನ್ ಅನ್ನು ಹುಕ್‌ಗೆ ಜೋಡಿಸಲು ‘ಟ್ಯಾಪ್‌ಪ್ರಾಮಿಸ್’ ಬಳಸಿದ್ದರೆ ಸಂದೇಶ ಹೋಗುವವರೆಗೆ ವೆಬ್‌ಪ್ಯಾಕ್ ಕಾಯುತ್ತಿತ್ತು. ನೀವು ಕಾಯದ ಬರೀ ‘ಟ್ಯಾಪ್’ ಹಾಕಿದ್ದೀರಿ, ಸಂದೇಶದ ರಿಕ್ವೆಸ್ಟ್ ಮುಗಿಯುವ ಮೊದಲೇ ನಮ್ಮ ಸ್ಕ್ರಿಪ್ಟ್ ಪ್ರೊಸೆಸ್ ಮುಚ್ಚಿಬಿಡುತ್ತದೆ.

ಜಾಸ್ತಿ ವಸೂಲಿ ಮಾಡಿದ ಹಣ ವಾಪಸ್ ಕೊಡಿ, ಪ್ಲಗಿನ್ ಸರಿ ಮಾಡಿ ಎಂದು ಕೇಳೋಣವೆಂದೇ ಪತ್ರ ಶುರು ಮಾಡಿದ್ದೆ. ಈಗ ಆ ಆಸೆಯೂ ಇಲ್ಲ. ಆಟೋಪೇ ನಿಲ್ಲಿಸಲು ಬ್ಯಾಂಕಿಗೆ ಹೇಳಿದ್ದೇವೆ. ನಿಮ್ಮ ಪ್ಲಗಿನ್ ಮಾಡಬೇಕಿದ್ದ ಕೆಲಸವನ್ನು ನಾವೇ ಬರೆದು, ಎನ್‌ಪಿಎಂನಲ್ಲಿ (ಕೋಡ್ ಹಂಚುವ ತಾಣ) ಎಲ್ಲರಿಗೂ ಪುಕ್ಕಟೆ ಇಡುತ್ತೇವೆ. ಅದನ್ನು ಯಾಕೆ ಬರೆಯಬೇಕಾಯಿತು ಎಂಬ ಕಥೆ ರೀಡ್‌ಮಿಯ (ಜೊತೆಗಿರುವ ಪರಿಚಯದ ಫೈಲ್) ಆರಂಭದಲ್ಲೇ ಇರುತ್ತದೆ.

ವಕೀಲರ ನೋಟಿಸ್ ಬೇರೆ ಬರುತ್ತದೆ, ಸ್ಪೀಡ್ ಪೋಸ್ಟ್‌ನಲ್ಲಿ. ತಲುಪಿದ್ದಕ್ಕೆ ಅಂಚೆಯವರು ಸಹಿ ಹಾಕಿಸಿಕೊಳ್ಳುತ್ತಾರೆ.

ಇತಿ,
ಟೆಕ್ನಿಕಲ್ ಗೊತ್ತಿಲ್ಲದ ಮೇಡಂ